ಗೆದ್ದೆ ಅಂತ ಹೇಳಿಕೊಂಡವರು

13 ಜುಲೈ 2025, ಭಾನುವಾರ
ವಿನೋಬನಗರ, ಶಿವಮೊಗ್ಗ

ಪುನರ್ವಸು ಮಳೆ ಬೆಳಗ್ಗೆಯಿಂದ ಬಿಟ್ಟೇ ಇಲ್ಲ. ತುಂಗಾ ಹೊಳೆ ಕಡೆ ಹೋಗಿ ನೀರಿನಲ್ಲಿರುವ ಮಂಟಪ ಎಷ್ಟು ಮುಳುಗಿದೆ ಅಂತ ನೋಡಿಕೊಂಡು ಬರೋಣ ಅಂದುಕೊಂಡಿದ್ದೆವು, ಆಗಲಿಲ್ಲ. ಪುಟ್ಟ ಹಾಸ್ಟೆಲ್‌ನಿಂದ ಬಂದಿದ್ದ. "ಯಾವುದಾದ್ರೂ ಹಳೇ ಸಿನಿಮಾ ಹಾಕು ಅತ್ತೆ, ನಗು ಬರೋದು" ಅಂದ. 'ಚಶ್ಮೆ ಬದ್ದೂರ್' ಹಾಕಿದೆ. 2013ರಲ್ಲಿ ಅದೇ ಹೆಸರಲ್ಲಿ ಬಂದದ್ದಲ್ಲ, 1981ರದ್ದು. ಸಾಯಿ ಪರಾಂಜಪೆ ನಿರ್ದೇಶನ.

ನನಗೆ ಈ ಸಿನಿಮಾ ತುಂಬಾ ಇಷ್ಟ. ದೆಹಲಿಯ ಒಂದು ರೂಮು, ಮೂವರು ಗೆಳೆಯರು. ಫಾರೂಕ್ ಶೇಖ್ ಓದುವ ಹುಡುಗ. ರಾಕೇಶ್ ಬೇಡಿ, ರವಿ ಬಾಸ್ವಾನಿಗೆ ಹುಡುಗಿಯರ ಹಿಂದೆ ಸುತ್ತುವುದೇ ಕೆಲಸ. ದೀಪ್ತಿ ನವಲ್‌ನ ಮೊದಲು ನೋಡುವವರು ಇವರಿಬ್ಬರೇ. ಒಬ್ಬೊಬ್ಬರಾಗಿ ಅವಳ ಮನೆಗೆ ಹೋಗಿ ಮುಖಭಂಗ ಮಾಡಿಸಿಕೊಂಡು ಬರುತ್ತಾರೆ. ರೂಮಿಗೆ ಬಂದು ಹೇಳುವುದು ಮಾತ್ರ ಗೆದ್ದ ಕಥೆ. ಆಮೇಲೆ ಅದೇ ಹುಡುಗಿ ಚಮ್ಕೋ ಸೋಪಿನ ಪುಡಿ ಮಾರಲು ಇವರ ಬಾಗಿಲಿಗೇ ಬಂದಾಗ ಇಬ್ಬರೂ ಹೆದರಿ ಅಡಗಿಕೊಳ್ಳುತ್ತಾರೆ! ಪುಟ್ಟ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ.

ಯೇಸುದಾಸ್, ಹೈಮಂತಿ ಶುಕ್ಲಾ ಹಾಡಿದ 'ಕಹಾಂ ಸೆ ಆಯೇ ಬದ್ರಾ' ಬರುವ ಹೊತ್ತಿಗೆ ಕರೆಂಟ್ ಹೋಯಿತು. ಮೋಡದ ಹಾಡು ಅರ್ಧಕ್ಕೆ ನಿಂತು ಹೊರಗಿನ ಮಳೆ ಒಂದೇ ಕೇಳುತ್ತಿತ್ತು.

ಕತ್ತಲಲ್ಲಿ ಪುಟ್ಟ ಸುಮ್ನೆ ಹೇಳಿದ, "ನಮ್ಮ ಕ್ಲಾಸಲ್ಲೂ ಒಬ್ಬ ಇದಾನೆ, ಥೇಟ್ ಹೀಗೇ."

"ಹೀಗೇ ಅಂದ್ರೆ?"

"ಒಂದು ಹುಡುಗಿ ಇವನಿಗೆ ಆಗಲ್ಲ ಅಂದ್ಲು. ಅವಳು ಇನ್ನೊಬ್ಬನ ಜೊತೆ ಮಾತಾಡ್ತಾಳೆ ಅಂತ ಇವನಿಗೆ ಹೊಟ್ಟೆಕಿಚ್ಚು. ಈಗ ಎಲ್ಲರ ಹತ್ರ ಬೇರೆ ಥರ ಹೇಳ್ಕೊಂಡು ತಿರುಗ್ತಿದಾನೆ. ಆಗುಂಬೆಗೆ ಹೋಗಿದ್ವಿ, ಅಲ್ಲಿ ಹೋಗಿದ್ವಿ, ನಾನೇ ಬಿಟ್ಟೆ ಅಂತೆಲ್ಲ."

"ನಿಂಗೆ ಸುಳ್ಳು ಅಂತ ಗೊತ್ತಾ?"

"ಗೊತ್ತು. ನನ್ನ ಮುಂದೆ ಅತ್ತಿದ್ದ."

"ಮತ್ತೆ ನೀನು ಯಾರಿಗೂ ಹೇಳಲಿಲ್ವಾ ಮಾರಾಯ?"

"ಹೇಳಿದ್ರೆ ಅವನ ಮರ್ಯಾದೆ ಹೋಗುತ್ತಲ್ಲ ಅತ್ತೆ."

"ಅವಳದ್ದು?"

ಅವನು ಮಾತಾಡಲಿಲ್ಲ. ಕರೆಂಟ್ ಬಂತು. ಟಿವಿ ಹಾಕುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಅಳುವುದು ತಪ್ಪಲ್ಲ. ಇಪ್ಪತ್ತರ ವಯಸ್ಸಲ್ಲಿ ಒಂದು ಹುಡುಗಿ ಬೇಡ ಅಂದರೆ ಎದೆ ಒಡೆದ ಹಾಗೆ ಆಗುತ್ತದೆ. ಆ ಹುಡುಗನ ಬಗ್ಗೆ ನನಗೆ ಪಾಪ ಅನ್ನಿಸಿತು, ನಿಜವಾಗಿಯೂ. ಆದರೆ ಅತ್ತದ್ದನ್ನು ಒಬ್ಬನ ಮುಂದೆ ಮಾತ್ರ ಹೇಳಬಹುದು, ಗೆದ್ದೆ ಅನ್ನುವುದನ್ನು ಇಡೀ ಕಾಲೇಜಿಗೆ ಸಾರಬೇಕು ಅಂತ ಇವರಿಗೆ ಯಾರು ಕಲಿಸಿದರು? ನಮ್ಮ ಮನೆಗಳಲ್ಲೇ ಕಲಿತದ್ದು ಅಲ್ವಾ. ಹುಡುಗ ಸೋತು ಬಂದರೆ "ಗಂಡಸಾಗಿ ಅಳ್ತೀಯಾ" ಅನ್ನುವವರು ನಾವೇ.

ಸಿನಿಮಾದಲ್ಲಿ ನಾವು ನಿರಾಳವಾಗಿ ನಗುತ್ತೇವೆ, ಯಾಕೆಂದರೆ ಅವರಿಬ್ಬರು ಬಿಡುವುದು ಬುರುಡೆ ಅಂತ ನಿರ್ದೇಶಕಿ ನಮಗೆ ತೋರಿಸಿರುತ್ತಾರೆ. ದೀಪ್ತಿ ನವಲ್ ಪರವಾಗಿ ಸಾಕ್ಷಿ ಹೇಳಲು ಥಿಯೇಟರ್ ತುಂಬ ಜನ ಇದ್ದಾರೆ. ಹಾಗಿದ್ದೂ ಕಥೆಯೊಳಗೆ ಫಾರೂಕ್ ಶೇಖ್‌ನಂಥ ಒಳ್ಳೇ ಹುಡುಗನೇ ಗೆಳೆಯರ ಮಾತು ನಂಬಿಬಿಡುತ್ತಾನೆ. ಅವನೇ ನಂಬಿದ ಮೇಲೆ ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತಾ ನಿಂತಿರುವ, ಪುಟ್ಟ ಹೇಳಿದ ಈ ಹುಡುಗಿಯ ಪರ ಯಾರು ಇದ್ದಾರೆ? ನಿಜ ಏನು ಅಂತ ಗೊತ್ತಿರುವವನು ಒಬ್ಬನೇ. ಅವನು ನನ್ನ ಅಣ್ಣನ ಮಗ.

ರಾತ್ರಿಗೆ ಪತ್ರೊಡೆ ಮಾಡಿದ್ದೆ. ಹಿತ್ತಲ ಕೆಸುವಿನ ಎಲೆ ಈ ಸಲ ಒಂದಿಷ್ಟೂ ತುರಿಸಲಿಲ್ಲ, ಹುಣಸೆ ಹುಳಿ ಸರಿಯಾಗಿ ಹಿಡಿದಿತ್ತು. ಪುಟ್ಟ ತಟ್ಟೆ ಖಾಲಿ ಮಾಡಿ ಮತ್ತೆ ಹಾಕಿಸಿಕೊಂಡ. ಇವನು ತಿನ್ನುವುದನ್ನು ನೋಡುವುದೇ ನನಗೊಂದು ಖುಷಿ.

ಕೈ ತೊಳೆಯುವಾಗ ತಾನಾಗಿಯೇ ಹೇಳಿದ. "ಅವನ ಹತ್ರ ಮಾತಾಡ್ತೀನಿ. ಎಲ್ಲರ ಮುಂದೆ ಅಲ್ಲ, ಅವನೊಬ್ಬನ ಹತ್ರ."

"ಅವನು ಒಪ್ಪದಿದ್ರೆ?"

"ಗೊತ್ತಿಲ್ಲ ಅತ್ತೆ. ಆಮೇಲೆ ನಾನು ಹುಡುಗಿ ಪಾರ್ಟಿ ಅಂತಾರೆ. ನಿಂಗೂ ಅವಳ ಮೇಲೆ ಕಣ್ಣಾ ಅಂತಾರೆ."

ಹೌದು, ಅದನ್ನೂ ಅನ್ನುತ್ತಾರೆ. ಒಂದು ಹುಡುಗಿಯ ಪರ ಮಾತಾಡಿದವನು ಕೂಡಲೇ ಇನ್ನೊಬ್ಬ ಎದುರಾಳಿ ಆಗಿಬಿಡುತ್ತಾನೆ. ಅದು ನನಗೆ ಹೊಳೆದೇ ಇರಲಿಲ್ಲ.

ಪುಟ್ಟ ಮಲಗಿದ್ದಾನೆ. ಹುಡುಗಿಯ ಊರು ಕೇಳಿದ ಮೇಲೆ ಅವಳ ಅಮ್ಮನ ಗುರುತು ಹತ್ತಿತು. ನಮ್ಮ ಸ್ವಸಹಾಯ ಸಂಘದ ಮೀಟಿಂಗಿನಲ್ಲಿ ಸಿಗುತ್ತಾರೆ. ಒಂದು ಮಾತು ಹೇಳಲಾ ಅನ್ನಿಸುತ್ತಿದೆ. ಆದರೆ ಅವರು ಗಾಬರಿಯಾಗಿ ಮನೆಯಲ್ಲಿ ಅಪ್ಪನಿಗೆ ಹೇಳಿ, ಅವರು ಮಗಳನ್ನು ಕಾಲೇಜೇ ಬಿಡಿಸಿಬಿಟ್ಟರೆ? ಹೇಳದೆ ಇದ್ದು, ನಾಳೆ ಬೇರೆ ಯಾರೋ ಆ ಆಗುಂಬೆ ಕಥೆಯನ್ನೇ ಅವರ ಕಿವಿಗೆ ಹಾಕಿದರೆ