‘ಅಂಥ ಕಾಮಿಡಿ’ ಮಾಡಿದವರಿಗೆ ರಾಷ್ಟ್ರಪ್ರಶಸ್ತಿ ಹೇಗೆ ಬಂತು?

ನಾಟಕ ನೋಡುವ ಚಟವಿದೆಯೆಂಬ ಒಂದೇ ತಪ್ಪಿಗೆ, ನಟಿ ಉಮಾಶ್ರೀಯವರ ಹೆಸರು ಬಂದಲ್ಲೆಲ್ಲ ಜನ ನನ್ನನ್ನು ಹಿಡಿದು ಕೇಳುತ್ತಾರೆ: ‘ಅಂಥ ಕಾಮಿಡಿ ಮಾಡಿಕೊಂಡಿದ್ದವರಿಗೆ ರಾಷ್ಟ್ರಪ್ರಶಸ್ತಿ ಹೇಗೆ ಬಂತು?’ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ (2008) ಸೂಲಗಿತ್ತಿ ಗುಲಾಬಿಯಾಗಿ ನಟಿಸಿದ್ದಕ್ಕೆ ಬಂತು. ತುಮಕೂರು ಸೀಮೆಯ ನೊಣವಿನಕೆರೆಯಲ್ಲಿ ಹುಟ್ಟಿದವರು ಅದರಲ್ಲಿ ಕರಾವಳಿಯ ಹೆಂಗಸೇ ಆಗಿದ್ದಾರೆ. ಮೊದಲು ಚಿತ್ರ ನೋಡಿ, ಆಮೇಲೆ ಮಾತಾಡೋಣ.

ನನ್ನನ್ನು ಕೆಣಕುವುದು, ದ್ವಂದ್ವಾರ್ಥದ ಹಾಸ್ಯವೆಂದು ಬಾಯಿಬಿಟ್ಟು ಹೇಳದೆ ಆಡುವ ಆ ‘ಅಂಥ’. ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಮೂಗು ಮುರಿದು ಆ ಪದವನ್ನಾಡಿದರು. ಎರಡನೆಯ ಹೋಳಿಗೆ ಬರುವಷ್ಟರಲ್ಲಿ ಹಾಸ್ಯನಟ ಎನ್.ಎಸ್. ರಾವ್ ಜೊತೆಗಿನ ಉಮಾಶ್ರೀಯವರ ದೃಶ್ಯವೊಂದನ್ನು ಮಾತುಮಾತೂ ಬಿಡದೆ ಒಪ್ಪಿಸಿ, ತಾವೇ ಮೊದಲು ನಕ್ಕರು. ಬರೆದವರು ಬೇರೆ, ದುಡ್ಡು ಕೊಟ್ಟು ನೋಡಿ ಶಿಳ್ಳೆ ಹೊಡೆದವರು ನಾವು, ಕಳಂಕ ಮಾತ್ರ ನಟಿಗೆ. ನಾನೂ ನಕ್ಕಿದ್ದೇನೆ, ಇಲ್ಲವೆನ್ನುವುದಿಲ್ಲ.

ಇದರ ಬದಲು ಯಾರಾದರೂ ‘ಆ ವಯಸ್ಸಿನಲ್ಲಿ ಮುದುಕಿಯಾಗಲು ಅವರಿಗೆ ಹೇಗೆ ಸಾಧ್ಯವಾಯಿತು?’ ಎಂದು ಕೇಳಿದ್ದರೆ ಊಟ ಬಿಟ್ಟಾದರೂ ಉತ್ತರಿಸುತ್ತಿದ್ದೆ. 1957ರಲ್ಲಿ ಹುಟ್ಟಿದ ಉಮಾಶ್ರೀ, 1995ರ ‘ಪುಟ್ನಂಜ’ದಲ್ಲಿ 1961ರಲ್ಲಿ ಹುಟ್ಟಿದ ರವಿಚಂದ್ರನ್‌ಗೆ ಅಜ್ಜಿ, ನಾಲ್ಕು ವರ್ಷದ ಅಂತರದಲ್ಲಿ ಎರಡು ತಲೆಮಾರು! ಅದು ಬಿಳಿ ಕೂದಲಿನಿಂದ ಆದದ್ದಲ್ಲ. ದೇವನೂರ ಮಹಾದೇವರ ಕಿರುಕಾದಂಬರಿ ‘ಒಡಲಾಳ’ವನ್ನು ನಿರ್ದೇಶಕ ಸಿಜಿಕೆ ರಂಗಕ್ಕೆ ತಂದಾಗ ಸಾಕವ್ವನಾದವರು ಇವರೇ. ಕಳೆದುಹೋದ ಒಂದು ಹುಂಜಕ್ಕಾಗಿ ಕೇರಿಯನ್ನೆಲ್ಲ ಜಾಲಾಡುವ ಆ ಮುದುಕಿಯನ್ನು ನಾನು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಾಲಿನಿಂದ ನೋಡಿದೆ. ಅಷ್ಟು ದೂರಕ್ಕೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಬಾಗಿದ ಬೆನ್ನು ಕಾಣುತ್ತಿತ್ತು, ಬೈಗುಳದ ನಡುವೆ ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಜನ ಬೈಗುಳಕ್ಕೆ ನಗುತ್ತಿದ್ದರು, ಆ ಉಸಿರಿಗೆ ಸುಮ್ಮನಾಗುತ್ತಿದ್ದರು. ಸಿನಿಮಾದಲ್ಲಿ ನಗಿಸಿದ್ದೂ ಇದೇ ಕಸುಬು. ಅಲ್ಲಿ ಆ ಉಸಿರಿಗೆ ಜಾಗ ಕೊಟ್ಟವರು ಕಡಿಮೆ.

ಇಷ್ಟನ್ನೂ ಆ ಹಿರಿಯರಿಗೆ ಹೇಳಲು ಹೊರಟೆ. ‘ಯಾವ ಸಾಕವ್ವ?’ ಎಂದರು. ಅಷ್ಟರಲ್ಲಿ ಮಜ್ಜಿಗೆ ಬಂತು.