ಕರಾಟೆಯೋ ಜಿಯು ಜಿತ್ಸುವೋ: ಅಬುಧಾಬಿಯಿಂದ ಊರಿನವರಿಗೆ

ಉಡುಪಿಯಿಂದ ಅಕ್ಕ ಕೇಳಿದ್ದಾಳೆ, "ಮಗಳನ್ನು ಕರಾಟೆಗೆ ಹಾಕ್ಲಾ, ಟೇಕ್ವಾಂಡೋಗೆ ಹಾಕ್ಲಾ? ನಿನ್ನ ಮಗ ಅಲ್ಲಿ ಎಂತದೋ ನೆಲದಲ್ಲಿ ಹೊರಳಾಡ್ತಾನಲ್ಲ, ಅದು ಒಳ್ಳೇದಾ?" ಮಂಗಳೂರಿನ ಗೆಳೆಯರದ್ದೂ ಇದೇ ಪ್ರಶ್ನೆ. ಹಾಗಾಗಿ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ.

ಆ ಹೊರಳಾಟದ ಹೆಸರು ಜಿಯು ಜಿತ್ಸು. ಊರಲ್ಲಿ ಕ್ರಿಕೆಟ್‌ಗೆ ಇರುವಷ್ಟು ಮರ್ಯಾದೆ ಇಲ್ಲಿ ಅದಕ್ಕೆ ಉಂಟು. 2008ರಲ್ಲಿ ಅಬುಧಾಬಿಯ ಶಾಲೆಗಳಲ್ಲೇ ಕಲಿಸಲು ಶುರು ಮಾಡಿದರು. ಗುದ್ದು ಇಲ್ಲ, ಒದೆ ಇಲ್ಲ. ಹಿಡಿಯುವುದು, ಬೀಳಿಸುವುದು, ಅಲುಗಾಡದ ಹಾಗೆ ಒತ್ತಿ ಹಿಡಿಯುವುದು, ಸಿಕ್ಕಿಬಿದ್ದವನು ಕೈಯಿಂದ ತಟ್ಟಿದ ಕೂಡಲೇ ಬಿಟ್ಟುಬಿಡುವುದು. ಜಪಾನಿನ ಜೂಡೋ ಕಲಿತ ಮಾಯೆದಾ ಎಂಬವರು 1914ರಲ್ಲಿ ಬ್ರೆಜಿಲ್‌ಗೆ ಹೋದರು, ಅವರಿಂದ ಕಲಿತ ಗ್ರೇಸಿ ಮನೆತನದವರು ಇದನ್ನು ಬೆಳೆಸಿದರು. ಇಲ್ಲಿನ ಕೋಚ್‌ಗಳಲ್ಲಿ ಬ್ರೆಜಿಲ್‌ನವರು ಜಾಸ್ತಿ ಕಾಣಿಸುವುದು ಅದಕ್ಕೇ.

ಆರೇಳು ವರ್ಷದ ಮಕ್ಕಳಿಗೆ ನನಗೆ ಇದೇ ಇಷ್ಟ. ತಲೆಗೆ ಪೆಟ್ಟು ಬೀಳುವ ಭಯ ಕಡಿಮೆ, ಸರಿಯಾಗಿ ಬೀಳಲು ಕಲಿಯುತ್ತಾರೆ. ಆದರೆ ನಮ್ಮ ಕಡೆ ಕರಾಟೆ ಸಿಗುವಷ್ಟು ಸುಲಭವಾಗಿ ಇದು ಸಿಗುವುದಿಲ್ಲ. ಇದಕ್ಕೋಸ್ಕರ ವಾರಕ್ಕೆರಡು ಸಲ ಮಗುವನ್ನು ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ಎಳೆದುಕೊಂಡು ಹೋಗುವುದು ಎಂತಕ್ಕೆ? ಮನೆ ಹತ್ತಿರ ಒಳ್ಳೆಯ ಕರಾಟೆ ಮಾಸ್ಟರ್ ಇದ್ದರೆ ಧಾರಾಳ ಸಾಕು.

ಒಳ್ಳೆಯವರು ಅಂತ ತಿಳಿಯುವುದು ಹೇಗೆ? ಒಂದು ಇಡೀ ಕ್ಲಾಸು ಸುಮ್ನೆ ಕೂತು ನೋಡಿ. ಕಪಾಟಿನ ಟ್ರೋಫಿ ನೋಡಬೇಡಿ, ಚೆನ್ನಾಗಿ ಮಾಡುವ ಮಗುವನ್ನೂ ನೋಡಬೇಡಿ. ಕೊನೆಯ ಸಾಲಿನಲ್ಲಿ ಎಡಗಾಲು ಬಲಗಾಲು ಗೊತ್ತಾಗದೆ ಒದ್ದಾಡುವ ಒಂದು ಮಗು ಇರುತ್ತದಲ್ಲ, ಮಾಸ್ಟರ್ ಅದರ ಹತ್ತಿರ ಹೋಗುತ್ತಾರಾ, ಹೋದರೆ ಹೇಗೆ ಮಾತಾಡುತ್ತಾರೆ, ಅದು ಅತ್ತರೆ ಉಳಿದ ಮಕ್ಕಳು ನಗುತ್ತಾರಾ, ಅದನ್ನು ನೋಡಿ. ಹೊಡೆದಾಟದ ಅಭ್ಯಾಸಕ್ಕೆ ತೂಕ ನೋಡಿ ಜೋಡಿ ಮಾಡುತ್ತಾರಾ ಅಂತಲೂ ಗಮನಿಸಿ. ಅಪ್ಪ ಅಮ್ಮ ಒಳಗೆ ಬರಬಾರದು ಅಂದರೆ ಚಪ್ಪಲಿ ಹಾಕಿಕೊಂಡು ವಾಪಸ್ ಬನ್ನಿ, ಎಷ್ಟೇ ದೊಡ್ಡ ಹೆಸರಿರಲಿ.

ಊರಲ್ಲಿ ಶಾಲೆಯ ಹಾಲ್‌ನಲ್ಲೇ ಜಾಸ್ತಿ ಕ್ಲಾಸ್‌ಗಳು, ಅಲ್ವಾ? ಕರಾಟೆಯ ಕಟಾ, ಅಂದರೆ ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ವರಸೆ, ಮಾಡಲು ಬರೀ ನೆಲ ನಡೆಯುತ್ತದೆ. ಎತ್ತಿ ಹಾಕುವ ಅಭ್ಯಾಸಕ್ಕೆ ಮ್ಯಾಟ್ ಬೇಕೇ ಬೇಕು. ನಮ್ಮ ಮಳೆಗಾಲದಲ್ಲಿ ಆ ಮ್ಯಾಟ್ ಮುಗ್ಗಲು ಹಿಡಿಯುತ್ತದೆ, ಬಟ್ಟೆ ಒಣಗುವುದಿಲ್ಲ, ಹುಳುಕಡ್ಡಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಮ್ಯಾಟ್ ಯಾವಾಗ ಒರೆಸುತ್ತೀರಿ ಅಂತ ನಾಚಿಕೆ ಬಿಟ್ಟು ಕೇಳಿ.

ಇನ್ನು ಬೆಲ್ಟು. ದುಡ್ಡು ಹೋಗುವುದು ಅಲ್ಲೇ ಮಾರಾಯ್ರೆ. ನಾವು ಇಲ್ಲಿ ಮೊದಲು ವಿಚಾರಿಸಿದ ಒಂದು ಕ್ಲಬ್‌ನಲ್ಲಿ ತಿಂಗಳ ಫೀಸು ಕಡಿಮೆ, ಆದರೆ ಗ್ರೇಡಿಂಗ್‌ಗೆ (ಮುಂದಿನ ಬೆಲ್ಟಿನ ಪರೀಕ್ಷೆಗೆ) ಬೇರೆ, ಬೆಲ್ಟಿಗೆ ಬೇರೆ, ಬ್ಯಾಡ್ಜಿಗೂ ಬೇರೆ. ಬ್ರೆಜಿಲಿಯನ್ ಜಿಯು ಜಿತ್ಸುವಿನ ಅಂತಾರಾಷ್ಟ್ರೀಯ ಫೆಡರೇಷನ್ ಲೆಕ್ಕದಲ್ಲಿ 16 ವರ್ಷದ ತನಕ ಬ್ಲ್ಯಾಕ್ ಬೆಲ್ಟಿಗಿಂತ ಎಷ್ಟೋ ಕೆಳಗಿನ ನೀಲಿ ಬೆಲ್ಟೇ ಇಲ್ಲ, ಬ್ಲ್ಯಾಕ್ ಬೆಲ್ಟಿಗೆ 19 ಆಗಬೇಕು. ಟೇಕ್ವಾಂಡೋದಲ್ಲೂ ಚಿಕ್ಕ ಮಕ್ಕಳಿಗೆ ಬ್ಲ್ಯಾಕ್ ಬೆಲ್ಟಿನ ಬದಲು ಕೊಡುವುದು ಅರ್ಧ ಕೆಂಪು, ಅರ್ಧ ಕಪ್ಪು ಇರುವ ಪೂಮ್ ಬೆಲ್ಟ್. ಹಾಗಿರುವಾಗ ಎರಡೇ ವರ್ಷದಲ್ಲಿ ನಿಮ್ಮ ಮಗುವನ್ನು ಬ್ಲ್ಯಾಕ್ ಬೆಲ್ಟ್ ಮಾಡುತ್ತೇನೆ ಅನ್ನುವವರ ಬಗ್ಗೆ ಸ್ವಲ್ಪ ಅನುಮಾನ ಇರಲಿ.

ಒಲಿಂಪಿಕ್ಸ್ ಆಸೆ ತೋರಿಸುವವರೂ ಇದ್ದಾರೆ. ಜೂಡೋ 1964ರಲ್ಲಿ ಬಂತು, ಟೇಕ್ವಾಂಡೋ 2000ದಿಂದ ಉಂಟು. ಕರಾಟೆ ಇದ್ದದ್ದು ಟೋಕಿಯೋದಲ್ಲಿ ಒಂದೇ ಸಲ, ಪ್ಯಾರಿಸ್‌ನಲ್ಲಿ ಇರಲಿಲ್ಲ. ಜಿಯು ಜಿತ್ಸು 2018ರಲ್ಲಿ ಏಷ್ಯನ್ ಗೇಮ್ಸ್‌ಗೆ ಬಂದಿದೆ, ಒಲಿಂಪಿಕ್ಸ್‌ಗೆ ಬಂದಿಲ್ಲ. ಏಳು ವರ್ಷದ ಹುಡುಗಿಗೆ ಈ ಲೆಕ್ಕ ಎಲ್ಲ ಈಗ ಬೇಡ ಅನ್ನಿ. (ಕೋಟಿ ಚೆನ್ನಯರ ಗರಡಿ ಇರುವ ಊರಲ್ಲಿ ಕೂತು ಜಪಾನು ಕೊರಿಯಾ ಅನ್ನುತ್ತೀರಲ್ಲ ಅಂತ ಭಾವ ತಮಾಷೆ ಮಾಡುತ್ತಾರೆ. ಮಾತು ಸುಳ್ಳಲ್ಲ, ಆದರೆ ಸಂಜೆ ಐದಕ್ಕೆ ಮಕ್ಕಳಿಗೆ ತಾಲೀಮು ಹೇಳಿಕೊಡುವ ಗರಡಿ ಎಲ್ಲುಂಟು ಅಂತ ಅವರೇ ಹೇಳಲಿ.)

ಅಕ್ಕಾ, ಅವಳ ಡ್ರೆಸ್ ಈಗಲೇ ತೆಗೆಯಬೇಡ. ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಲೂ ಬೇಡ. ಒಂದು ತಿಂಗಳು ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್‌ನಲ್ಲೇ ಹೋಗಲಿ. ಎರಡನೇ ತಿಂಗಳೂ ಹೋಗುತ್ತೇನೆ ಅಂತ ಅವಳೇ ಹೇಳಿದರೆ ಡ್ರೆಸ್ ನಾನು ಕೊಡಿಸುತ್ತೇನೆ.