‘ನಮ್ ಮಕ್ಕಳಿಗೆ ಟಿಬೆಟ್ ಯಾಕೆ ಮೇಡಂ?’

ಹುಣಸೂರಿನ ಹತ್ತಿರದ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ವರ್ಷಕ್ಕೊಮ್ಮೆ, ಮಾನವ ಹಕ್ಕುಗಳ ದಿನವಾದ ಡಿಸೆಂಬರ್ 10ರ ಆಸುಪಾಸಿನಲ್ಲಿ, ಟಿಬೆಟ್ ಬಗ್ಗೆ ಒಂದೇ ಒಂದು ಪಿರಿಯಡ್ ತಗೊಂಡು, ಆ ವಾರವೇ ಮಕ್ಕಳನ್ನು ಟಿಬೆಟಿನವರು ನೆಲೆಸಿರುವ ಬೈಲಕುಪ್ಪೆಗೆ ಕರೆದುಕೊಂಡು ಹೋಗುತ್ತೇನೆ. ಇಷ್ಟಕ್ಕೇ ಸ್ಟಾಫ್ ರೂಮಿನಲ್ಲಿ, ಪೇರೆಂಟ್ಸ್ ಮೀಟಿಂಗಿನಲ್ಲಿ ಇದೇ ಪ್ರಶ್ನೆ. ಮೊನ್ನೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೋಳಿಗೆ ಮುರಿಯುತ್ತಾ ಕೇಳಿದರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು, ‘ತಪ್ಪು ತಿಳ್ಕೋಬೇಡಿ’ ಅಂತ ಶುರು ಮಾಡಬೇಡಿ. ತಪ್ಪು ತಿಳಿದುಕೊಂಡಾಗಿದೆ.

ಎರಡನೆಯದು, ಸಿಲಬಸ್. ಹೌದು, ಇಲ್ಲ. ನನಗೂ ಗೊತ್ತು. ಶಾಲಾ ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸಿಗೆ ಮೂರು ವಾರ ಪಿರಿಯಡ್ ಹೋಗುತ್ತಲ್ಲ, ಅದೂ ಸಿಲಬಸ್‌ನಲ್ಲಿ ಇಲ್ಲ.

ಒಬ್ಬರು ಅಪ್ಪ ಕೇಳಿದ್ದು ಮಾತ್ರ ಮರೆಯುವಂತಿಲ್ಲ. ‘ಆ ಚೈನಾದವರ ಪಾಠ ಎಲ್ಲಾ ಯಾಕೆ ಮೇಡಂ?’ ಮೈಮೇಲೆ ಮರೂನ್ ಬಣ್ಣದ ಒಳ್ಳೇ ಸ್ವೆಟರ್. ಎಲ್ಲಿ ತಗೊಂಡ್ರಿ ಅಂದೆ. ‘ಮೈಸೂರಲ್ಲಿ. ಚಳಿಗಾಲಕ್ಕೆ ಬರ್ತಾರಲ್ಲ, ಅದೇ ಆ ಚೈನಾದವ್ರ ಹತ್ರ.’

ಸ್ವಾಮಿ, ಅವರು ಟಿಬೆಟಿನವರು, ಚೈನಾದವರು ಅನ್ನುವುದನ್ನು ಒಪ್ಪದೇ ಇದ್ದದ್ದಕ್ಕೇ ಇಲ್ಲಿಗೆ ಬಂದಿದ್ದು! 1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ಚೀನೀ ಆಳ್ವಿಕೆಯ ವಿರುದ್ಧ ಎದ್ದರು. ಸೈನ್ಯ ಅದನ್ನು ಹತ್ತಿಕ್ಕಿತು. ಅದೇ ತಿಂಗಳು ದಲಾಯಿ ಲಾಮಾ ಹಿಮಾಲಯ ದಾಟಿ ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ‘ಪುಕ್ಕಟೆ ಜಮೀನು’ ಅಂತ ಹೊಟ್ಟೆ ಉರಿದುಕೊಳ್ಳುವವರಿಗೆ: ಕೊಟ್ಟಿದ್ದು ಕಾಡು. ಮರ ಕಡಿದು, ಟೆಂಟಿನಲ್ಲಿ ಮಲಗಿ, ಆನೆ ಓಡಿಸಿ ಜೋಳ ಹಾಕಿದರು. ಹಿಮದ ಊರಿನವರು, ನಮ್ಮ ಏಪ್ರಿಲ್ ಬಿಸಿಲಿನಲ್ಲಿ. ಆ ಜಮೀನು ಇವತ್ತಿಗೂ ಅವರ ಹೆಸರಿನಲ್ಲಿಲ್ಲ, ಲೀಸ್ ಅಷ್ಟೇ.

ಇದನ್ನೆಲ್ಲ ಆ ಅಪ್ಪನಿಗೆ ಒಂದೇ ಉಸಿರಿಗೆ ಹೇಳಿದೆ. ಅವರು ಪಾಪ, ‘ಅಲ್ಲ, ಗಣಿತದಲ್ಲಿ ಮಾರ್ಕ್ಸ್ ಕಮ್ಮಿ ಬಂದಿದೆ, ಅದಕ್ಕೆ ಕೇಳ್ದೆ’ ಅಂದರು.

‘ಯಾಕೆ’ ಅಂತ ಕೇಳುವ ಬದಲು ‘ಮಕ್ಕಳು ಏನು ಕೇಳ್ತಾರೆ?’ ಅಂತ ಒಬ್ಬರಾದರೂ ಕೇಳಬಾರದಾ? ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ.

ಬೈಲಕುಪ್ಪೆಯಲ್ಲಿ ಊರುಗಳಿಗೆ ಕ್ಯಾಂಪ್ ಅನ್ನುತ್ತಾರೆ. ಫಸ್ಟ್ ಕ್ಯಾಂಪ್, ಫೋರ್ತ್ ಕ್ಯಾಂಪ್. ಒಂದು ವರ್ಷ ಅಲ್ಲಿ ಒಬ್ಬ ಅಜ್ಜ ಮನೆ ಮುಂದೆ ಜಪಸರ ತಿರುಗಿಸುತ್ತಾ ಕೂತಿದ್ದರು. ‘ಊಟ ಆಯ್ತಾ ಮಕ್ಳಾ?’ ಅಂದರು, ಪಿರಿಯಾಪಟ್ಟಣದ ಸಂತೆಯಲ್ಲಿ ಕೇಳುವ ಅದೇ ಕನ್ನಡ. ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ನಮ್ಮ ಹುಡುಗಿಯೊಬ್ಬಳು ಕೇಳಿದಳು: ‘ತಾತ, ಕ್ಯಾಂಪ್ ಅಂದ್ರೆ ಎರಡು ದಿನ ಟೆಂಟ್ ಹಾಕೋದು ಅಲ್ವಾ?’

ಅಜ್ಜ ಸರ ನಿಲ್ಲಿಸಿದರು. ‘ನಾವೂ ಹಂಗೇ ಅಂದ್ಕೊಂಡಿದ್ವಿ’ ಅಂದರು. ಆಮೇಲೆ ಒಳಗೆ ಹೋಗಿ ಆರ್‌ಸಿ ಪುಸ್ತಕ ತಂದು ತೋರಿಸಿದರು. ಗಾಡಿಯದ್ದಲ್ಲ; ಆಗಾಗ ರಿನ್ಯೂ ಮಾಡಿಸಬೇಕಾದ, ಇವರು ವಿದೇಶಿ ಅನ್ನುವ ಸರ್ಕಾರಿ ನೋಂದಣಿ ಪುಸ್ತಕ. ಮೂಲೆಗಳು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ವಾಪಸ್ ಬಸ್ಸಿನಲ್ಲಿ ನಾನು ಮಾನವ ಹಕ್ಕುಗಳ ಘೋಷಣೆ ಓದಿದೆ, 1948ರ ಡಿಸೆಂಬರ್ 10ರದ್ದು. ಅದರ 13ನೇ ವಿಧಿ: ಯಾರೇ ಆಗಲಿ ತನ್ನ ದೇಶ ಬಿಟ್ಟು ಹೋಗಬಹುದು, ವಾಪಸ್ ತನ್ನ ದೇಶಕ್ಕೆ ಬರಬಹುದು. ‘ಮತ್ತೆ ತಾತ ಯಾಕೆ ಹೋಗಿಲ್ಲ?’ ಇದಾದ ಮೇಲೆ ಪಾಠವನ್ನು ನಾನು ಮಾಡಬೇಕಾಗಲಿಲ್ಲ, ಅವರೇ ಮಾಡಿಕೊಂಡರು.

ಇನ್ನೊಂದು, ಪಂಚೆನ್ ಲಾಮಾ (ಟಿಬೆಟಿನ ಬೌದ್ಧರಲ್ಲಿ ದಲಾಯಿ ಲಾಮಾ ನಂತರದ ದೊಡ್ಡ ಗುರು) ಅಂತ ಗುರುತಿಸಿದ ಗೆಧುನ್ ಚೋಕಿ ನ್ಯಿಮಾ ಎಂಬ ಹುಡುಗನ ಕಥೆ. 1995ರ ಮೇ 14ರಂದು ದಲಾಯಿ ಲಾಮಾ ಅವನ ಹೆಸರು ಹೇಳಿದರು. ಮೂರೇ ದಿನಕ್ಕೆ ಚೀನಾ ಸರ್ಕಾರದವರು ಅಪ್ಪ ಅಮ್ಮನ ಜೊತೆ ಅವನನ್ನು ಕರೆದುಕೊಂಡು ಹೋದರು. ಆರು ವರ್ಷ. ಆಮೇಲೆ ಹೊರಗಿನವರು ಯಾರೂ ಅವನನ್ನು ನೋಡಿಲ್ಲ. 2020ರಲ್ಲಿ ಚೀನಾ, ಅವನು ಕಾಲೇಜು ಮುಗಿಸಿ ಕೆಲಸದಲ್ಲಿದ್ದಾನೆ, ತೊಂದರೆ ಕೊಡಬೇಡಿ ಎಂದಿತು. ಕೆಂಪು ಕೆನ್ನೆಯ ಆ ಮಗುವಿನ ಫೋಟೊವನ್ನು ಕ್ಲಾಸಿನಲ್ಲಿ ತೋರಿಸುತ್ತೇನೆ. ಒಬ್ಬಳು ವರ್ಷ ಕಳೆದು ನೋಡಿ ‘ನಮ್ಮಪ್ಪನ ವಯಸ್ಸು ಮಿಸ್’ ಅಂದಳು. ‘ಕೆಲಸಕ್ಕೆ ಹೋಗೋರದ್ದು ಹೊಸ ಫೋಟೊ ಒಂದೂ ಇಲ್ವಾ?’ ಅಂದ ಹಿಂದಿನ ಬೆಂಚಿನವನು.

‘ಮಕ್ಕಳಿಗೆ ರಾಜಕೀಯ ಯಾಕೆ’ ಅನ್ನುವವರು ಕೇಳಬೇಕಾದ್ದು ನಾನು ಏನೇನು ಬಿಡುತ್ತೇನೆ ಅಂತ. 2009ರಿಂದೀಚೆಗೆ ಟಿಬೆಟ್‌ನಲ್ಲಿ 150ಕ್ಕೂ ಜಾಸ್ತಿ ಜನ ಮೈಗೆ ಬೆಂಕಿ ಹಚ್ಚಿಕೊಂಡು ಪ್ರತಿಭಟಿಸಿದ್ದಾರೆ. ಅದನ್ನು ನಾನು ಹೇಳುವುದಿಲ್ಲ. ಹನ್ನೆರಡು ವರ್ಷಕ್ಕೆ ಅದು ಬೇಡ. ಉಪ್ಪು, ಬೆಣ್ಣೆ ಹಾಕಿದ ಟೀ ಕುಡಿಸಿ ಮುಖ ಕಿವುಚಿಸುತ್ತೇನೆ. ಅಲ್ಲಿನ ಹುಡುಗರ ಜೊತೆ ಕ್ರಿಕೆಟ್ ಆಡಿ ಬಂದು, ಒಂದೇ ಟೀಮಿನಲ್ಲಿ ಮೂವರು ತೆನ್ಜಿನ್ ಇದ್ದಾರಲ್ಲ ಅಂತ ಕೇಳಿದರೆ, ದಲಾಯಿ ಲಾಮಾ ತಾವು ಹೆಸರಿಡುವ ಮಕ್ಕಳಿಗೆಲ್ಲ ತಮ್ಮ ಹೆಸರಿನ ಒಂದು ಭಾಗ ಕೊಡುತ್ತಾರೆ ಅನ್ನುತ್ತೇನೆ. ಸಂಸ್ಕೃತಿ ಪಾಠ ಅಂದರೆ ಹೆಚ್ಚುಕಮ್ಮಿ ಇಷ್ಟೇ.

ಎರಡು ವರ್ಷದ ಹಿಂದೆ ಮಾತ್ರ ನಾನು ಸಿಕ್ಕಿಬಿದ್ದೆ. ನಿರಾಶ್ರಿತ ಅಂದರೆ ಯಾರು ಅಂತ ಬೋರ್ಡಿನ ಮೇಲೆ ಬರೆದು ತಿರುಗಿದೆ. ವರ್ಷವಿಡೀ ಬಾಯಿ ಬಿಡದ ಹುಡುಗ ಎದ್ದು ನಿಂತಿದ್ದ. ಕಾಡಿನ ಬುಡಕಟ್ಟಿನವರಾದ ಜೇನುಕುರುಬರ ಮನೆಯವನು. ‘ಮಿಸ್, ನಮ್ ತಾತನ್ನೂ ನಾಗರಹೊಳೆ ಹಾಡಿಯಿಂದ ಎಬ್ಬಿಸಿದ್ದು. ನಾವೂ ಅದೇನಾ?’

ಅಲ್ಲ, ನಿರಾಶ್ರಿತ ಅಂದರೆ ದೇಶದ ಗಡಿ ದಾಟಿ ಬಂದವರು, ನೀವು ಇಲ್ಲಿನ ಪ್ರಜೆಗಳು, ನಿಮ್ಮ ಮನೆಯವರಿಗೆ ಓಟಿದೆ ಅಂದೆ. ಪುಸ್ತಕದ ಪ್ರಕಾರ ಸರಿ. ‘ಹಂಗಾದ್ರೆ ವಾಪಸ್ ಹೋಗಬಹುದಾ?’

ಚೀನಾದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ ಇತ್ತು. ನಾಳೆ ಹೇಳ್ತೀನಿ ಕಣೋ ಅಂದು, ರಾತ್ರಿ ಕೂತು 2006ರ ಅರಣ್ಯ ಹಕ್ಕು ಕಾಯ್ದೆ ಓದಿದೆ. ಮಾರನೇ ದಿನ ಹೇಳಿದೆ: ಅಂಥದ್ದೊಂದು ಕಾನೂನಿದೆ, ಅರ್ಜಿ ಗ್ರಾಮಸಭೆಯಿಂದ ಶುರುವಾಗಬೇಕು, ತಾತನನ್ನು ಕೇಳು. ‘ಅರ್ಜಿ ಆಗ್ಲೇ ಹಾಕವ್ರೆ’ ಅಂದ.

ಟಿಬೆಟ್‌ಗೆ ಒಂದು ಪಿರಿಯಡ್ ಇತ್ತು. ಈಗ ಹಾಡಿಯವರಿಗೂ ಒಂದು ಸೇರಿ ಎರಡಾಗಿದೆ. ಎರಡನೆಯದರ ಬಗ್ಗೆ ಇನ್ನೂ ಯಾವ ಪೋಷಕರೂ ಬಂದು ಕೇಳಿಲ್ಲ.